ಬೆನ್ನು ತುಳಿಯುವ ಶಾಲುಬಾಯಿಯ ಬೆನ್ನುನೋವು

ಠಾಣಾ ಕುಶನೂರಿನಲ್ಲಿ ಯಾರಿಗೇ ಸೊಂಟ ಹಿಡಿಯಲಿ, ಶಾಲುಬಾಯಿಯ ಅಂಗಳಕ್ಕೆ ಬಂದು ಬೋರಲು ಮಲಗುತ್ತಿದ್ದರು. ಹುಟ್ಟುವಾಗ ಕಾಲು ಮುಂದಾಗಿ ಬಂದವಳು ಆಕೆ. ಅಂಥವರು ಬೆನ್ನು ತುಳಿದರೆ ನೋವು ಹೋಗುತ್ತದೆ ಎಂಬುದು ಊರಿನ ನಂಬಿಕೆ. ಈಗ ಸೊಂಟ ಹಿಡಿದದ್ದು ಶಾಲುಬಾಯಿಗೇ! ತನ್ನ ಬೆನ್ನನ್ನು ತಾನೇ ತುಳಿದುಕೊಳ್ಳುವುದು ಹೇಗೆ?

ನೋವು ಸೊಂಟದಿಂದ ಎಡಗಾಲಿನ ಬೆರಳವರೆಗೆ ಜಗ್ಗುತ್ತಿತ್ತು. ವಾರಗಳು ಕಳೆದರೂ ಇಳಿಯಲಿಲ್ಲ. ಗಂಡ ಗೋರಖನಾಥ ಪಕ್ಕದೂರಿನಿಂದ ಅಂಥದೇ ಹುಟ್ಟಿನ ಗಟ್ಟಿ ಆಳೊಬ್ಬನನ್ನು ಕರೆತಂದು ಚಾಪೆ ಹಾಸಿದ. ಹೊಲದಿಂದ ಆಗಷ್ಟೇ ಬಂದ ಶಾಲುಬಾಯಿ ಚಪ್ಪಲಿ ಕಳಚಲು ಬಗ್ಗಿದಳು. ಎಡಗಾಲು ಬರಿದಾಗಿತ್ತು.

ಹಿಂದೆಯೇ ನೆರೆಮನೆಯ ನರ್ಸ್ ಗ್ಲೋರಿ ಒಂದು ಚಪ್ಪಲಿ ಹಿಡಿದು ಬಂದಳು. "ಅಕ್ಕಾ, ಇದು ನಿಮ್ದೇ ಏನ್ರಿ? ಹಾದಿಯಾಗ ಬಿದ್ದಿತ್ತು."

"ನಂದೇ ಅದ! ಬಿದ್ದದ್ದು ನಂಗ ಗೊತ್ತೇ ಆಗಿಲ್ಲಲ್ಲ!"

ಗ್ಲೋರಿಯ ಮುಖ ಬದಲಾಯಿತು. "ತುಳಿಸಬ್ಯಾಡ್ರಿ!"

"ಊರಿಗೆಲ್ಲ ತುಳಿದೇ ಆರಾಮ ಮಾಡ್ಯಾಳ. ಇದಕ್ಕ ದವಾಖಾನಿ ಯಾಕ, ತಂಗಿ?" ಎಂದ ಗೋರಖನಾಥ.

"ಸಾದಾ ಸೊಂಟನೋವು ತಾನಾಗೇ ಇಳಿತದ್ರಿ, ಅಣ್ಣಾ. ಚಪ್ಪಲಿ ಬಿದ್ದದ್ದು ಕಾಲಿಗಿ ತಿಳಿದಿಲ್ಲ ಅಂದ್ರ ನರ ಒತ್ತಿರಬೇಕು. ಮ್ಯಾಲ ತುಳಿದ್ರ ಕಾಲೇ ಹೋಗಬಹುದು. ಈಗೇ ಬಸ್ಸು ಹಿಡೀರಿ, ನಾನೂ ಬರ್ತೇನಿ."

ಬೀದರಿನ ದವಾಖಾನೆಯಲ್ಲಿ ಎಂಆರ್‌ಐ ಚಿತ್ರ ಬೆಳಗಿತು. ಕೊಯ್ಯದೆ, ಮುಟ್ಟದೆ, ತನ್ನ ಬೆನ್ನಿನ ಒಳಗು ತನ್ನ ಕಣ್ಣ ಮುಂದೆ! ಒಂದರ ಕೆಳಗೊಂದು ಎಲುಬಿನ ಮಣಿ, ನಡುವೆ ಇಳಿದ ನರಗಳ ಎಳೆ. ಶಾಲುಬಾಯಿಗೆ ಮೈ ಝುಂ ಎಂದಿತು. ಕೈ ತಾನಾಗಿ ಮುಗಿಯಿತು.

"ಎಲುಬಿನ ಸಂದಿಯಿಂದ ಹುಟ್ಟಿದ ನೀರಿನ ಚೀಲ ಇದು. ಸಿಸ್ಟ್ ಅಂತೀವ್ರಿ. ಕಾಲಿಗಿ ಹೋಗೋ ನರ ಒತ್ಯದ. ಕ್ಯಾನ್ಸರ್ ಅಲ್ಲ, ಅಂಜಬ್ಯಾಡ್ರಿ" ಎಂದರು ಡಾಕ್ಟರ್.

"ತೊಗರಿ ಕಾಳಿನಷ್ಟು ಅದ. ಇಡೀ ಕಾಲ ಹಿಡಿದದಲ್ರಿ!" ಎಂದಳು ಶಾಲುಬಾಯಿ.

ಕೆಲವರಿಗೆ ಗುಳಿಗೆ, ವ್ಯಾಯಾಮ, ಇಂಜೆಕ್ಷನ್ನಿನಲ್ಲೇ ಆರಾಮಾಗುತ್ತದೆ. ಕಾಲು ಸೋಲುತ್ತಿದ್ದುದರಿಂದ ಶಾಲುಬಾಯಿಗೆ ಆಪರೇಷನ್ ಆಯಿತು. ಮೆಲ್ಲಗೆ ಕಾಲಿಗೆ ಶಕ್ತಿ ಮರಳಿತು. ಅಂಗಳದ ಮಣ್ಣಿನ ತಂಪು ಮತ್ತೆ ಅಂಗಾಲಿಗೆ ತಿಳಿದ ದಿನ ಅವಳು ಅಲ್ಲೇ ಕೂತು ಖುಷಿಗೆ ಅತ್ತಳು.

ಮೊನ್ನೆ ಗೆಳತಿ ಅಕ್ತರಬೀ ಸೊಂಟ ಹಿಡಿದುಕೊಂಡು ಬಂದಳು. "ಕಾಲೂ ಜಗ್ತದ, ಶಾಲು. ಜರಾ ತುಳಿ."

ಶಾಲುಬಾಯಿ ಚಾಪೆ ಸುತ್ತಿಟ್ಟಳು. "ಈ ಕಾಲು ಇನ್ನ ಯಾರ ಬೆನ್ನ ಮ್ಯಾಲೂ ಏರಂಗಿಲ್ಲ. ನಡಿ, ನಿನ್ನ ಜೋಡಿ ದವಾಖಾನಿ ತನಕ ನಡೀತದ."

ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಸೊಂಟನೋವೂ ಸಿಸ್ಟ್ ಅಲ್ಲ. ಆದರೆ ನೋವು ಕಾಲಿಗಿಳಿದು ವಾರಗಟ್ಟಲೆ ನಿಂತರೆ ವೈದ್ಯರಿಗೆ ತೋರಿಸಿ. ಕಾಲು ಸೋತರೆ, ಕೂರುವ ಜಾಗ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ದೊಡ್ಡ ದವಾಖಾನೆಗೆ ಹೋಗಿ. ನಿಮ್ಮ ಬೆನ್ನನ್ನು ಯಾರ ಕಾಲಿಗೂ ಕೊಡಬೇಡಿ.