ಏಳು ಹಲಗೆ

ನಾರ್ವೆಯಿಂದ ಕಡಲು ದಾಟಿ ಡಕೋಟಾದ ಬಯಲಿಗೆ ಬಂದ ಹನ್ನೊಂದು ವರ್ಷದಲ್ಲಿ ಸಿಗ್ನೆ ಗಂಡನನ್ನು ಕೇಳಿದ್ದು ಒಂದೇ: ಮನೆಗೆ ಮರದ ನೆಲ. ಎಂಡ್ರೆ ಒಂದು ಸಲವೂ ಆಗದು ಎನ್ನಲಿಲ್ಲ. ಅಂದಿದ್ದರೆ ಅವಳು ಎರಡು ದಿನ ಅತ್ತು ಆಸೆ ಬಿಡುತ್ತಿದ್ದಳು. ಅವನು ‘ಮುಂದಿನ ವರ್ಷ’ ಎನ್ನುತ್ತಿದ್ದ. ಇಂಥ ಗಂಡಸರನ್ನು ನಂಬಿಯೇ ಆ ಬಯಲು ಊರಾಯಿತು ಅನ್ನಿ. ಒಂದು ವರ್ಷ ನೇಗಿಲು ಮುಖ್ಯವಾಯಿತು, ಒಂದು ವರ್ಷ ಎತ್ತು. ಮತ್ತೆರಡು ವರ್ಷ ಮಿಡತೆ ಬಂದು ಪೈರಿನ ಜೊತೆಗೆ ಅವನ ಮಾತನ್ನೂ ತಿಂದು ಹೋಯಿತು.

ಅವರ ಮನೆಯೆಂದರೆ ಹುಲ್ಲುಬೇರಿನ ಸಮೇತ ನೇಗಿಲಲ್ಲಿ ಎತ್ತಿದ ಮಣ್ಣುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿದ್ದು. ಗೋಡೆ ಮಣ್ಣು, ಸೂರು ಮಣ್ಣು, ನೆಲ ಮಣ್ಣು. ಗಂಜಿ ಕುದಿಯುವಾಗ ಪಾತ್ರೆಗೆ ಉದುರುತ್ತಿತ್ತು, ಮಲಗಿದರೆ ಮುಖಕ್ಕೆ ಉದುರುತ್ತಿತ್ತು. ಸಿಗ್ನೆ ನಾರ್ವೆಯ ಮರದ ಮನೆಯಲ್ಲಿ, ಶನಿವಾರ ಶನಿವಾರ ಮರಳು ಹಾಕಿ ನೆಲ ಉಜ್ಜಿ ಬೆಳೆದವಳು. ಇಲ್ಲಿ ಮೂರು ಹೆತ್ತು, ಎರಡನ್ನು ದಿಬ್ಬದ ಮೇಲೆ ಹೂತಳು. ಹಾಲು ಕರೆದು, ಬೆಣ್ಣೆ ಕಡೆದು, ಗಂಡನ ಸಮಕ್ಕೆ ಗೋಧಿ ಕೊಯ್ದು ಬಂದು, ಉಳಿದೊಬ್ಬ ಮಗಳು ಮಾರಿಟ್‌ಳ ಕಣ್ಣಿಂದ ಮಣ್ಣು ತೆಗೆಯುತ್ತಿದ್ದಳು.

"ಸತ್ತಮೇಲೆ ಹೇಗೂ ಮಣ್ಣೊಳಗೇ ಇರೋದು," ಎನ್ನುತ್ತಿದ್ದಳು. "ಈಗ್ಲೇ ಯಾಕೆ ಅಭ್ಯಾಸ ಮಾಡಿಸ್ತೀಯ?"

ಎಂಡ್ರೆ ನಗುತ್ತಿದ್ದ. ಆ ನಗುವನ್ನು ನೆನೆದರೆ ಈಗ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹನ್ನೊಂದನೆಯ ವರ್ಷದ ಚಳಿಗಾಲದಲ್ಲಿ ಸಿಗ್ನೆಗೆ ಹಿಡಿದ ಕೆಮ್ಮು ಬಿಡಲಿಲ್ಲ. ಮಾರ್ಚಿನಲ್ಲಿ ರಕ್ತ ಕಂಡಿತು. ನೋಡಲು ಬಂದ ಡಾಕ್ಟರು ಎಂಡ್ರೆಯನ್ನು ಹೊರಗೆ ಕರೆದು, ಇನ್ನೊಂದು ತಿಂಗಳು ಬದುಕುವುದು ಕಷ್ಟ ಎಂದರು. ಆ ಬಯಲಲ್ಲಿ ಕಣ್ಣು ಹಾಯುವಷ್ಟು ದೂರ ಒಂದು ಮರವಿಲ್ಲ. ಶವಪೆಟ್ಟಿಗೆಗೆ ಎರಡು ದಿನದ ದಾರಿಯ ಪೇಟೆಯಿಂದ ಹಲಗೆ ಬರಬೇಕು; ಹಿಮ ಕರಗಿ ಹೊಳೆ ತುಂಬಿದರೆ ಆ ದಾರಿಯೂ ಮುಚ್ಚುತ್ತದೆ. ಚಳಿ ತಡೆಯಲಾರದೆ ಎಂಡ್ರೆ ತನ್ನ ಸ್ವಂತ ಗಾಡಿಯನ್ನು ಆಗಲೇ ಒಡೆದು ಒಲೆಗೆ ಹಾಕಿದ್ದ. ನೆರೆಮನೆಯ ಗುನ್ವೊರಳ ಗಂಡನ ಗಾಡಿ ಕೇಳಿ ತೆಗೆದುಕೊಂಡು ಹೋಗಿ ಏಳು ಹಲಗೆ ತಂದ. ಹೆಂಡತಿ ಉಸಿರಾಡುತ್ತಿರುವಾಗಲೇ ಅವಳ ಪೆಟ್ಟಿಗೆಗೆ ಮರ ಆರಿಸಿದ ಸಂಕಟ ಅವನೊಬ್ಬನಿಗೇ ಗೊತ್ತು.

ಯಾರಿಗೂ ಕಾಣದಂತೆ ಹುಲ್ಲಿನ ಮೆದೆಯಡಿ ಇಡಬೇಕು ಎಂದುಕೊಂಡಿದ್ದ. ಅಷ್ಟರಲ್ಲಿ ಐದು ವರ್ಷದ ಮಾರಿಟ್ ಒಳಗೆ ಓಡಿ, ಅಪ್ಪ ಹಲಗೆ ತಂದ ಎಂದು ಸಾರಿಬಿಟ್ಟಿದ್ದಳು.

ಅವನು ಬಂದಾಗ ಸಿಗ್ನೆ ಗೋಡೆಗೆ ಒರಗಿ ಕೂತಿದ್ದಳು. ವಾರದಿಂದ ತಲೆ ಎತ್ತದವಳು.

"ಹಲಗೆ ಏನಕ್ಕೆ?"

"ನೆಲಕ್ಕೆ," ಎಂದ.

ಅವಳು ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮುಖ ಅರಳಿತು. "ಅಂತೂ ಮುಂದಿನ ವರ್ಷ ಬಂತು ಅನ್ನು."

ಇನ್ನು ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳುವ ಹಾಗಿರಲಿಲ್ಲ. ಆಮೇಲೆ ಕಿತ್ತರಾಯಿತು ಎಂದುಕೊಂಡು, ಮರುದಿನವೇ ಮಂಚದ ಪಕ್ಕ ನೆಲ ತಟ್ಟಿ, ಏಳನ್ನೂ ಜೋಡಿಸಿ ಮೊಳೆ ಹೊಡೆದ. ಮಂಚದಿಂದ ಒಲೆಯ ತನಕ ಬಂತು, ಅಷ್ಟೇ. ಸಿಗ್ನೆ ಮಲಗಿದಲ್ಲಿಂದಲೇ ಯಜಮಾನಿಕೆ ನಡೆಸಿದಳು.

"ಆ ಮೂಲೆ ಎದ್ದಿದೆ ನೋಡು. ಇನ್ನೊಂದು ಮೊಳೆ ಹೊಡಿ, ಜಿಪುಣ."

ಹೊಡೆದ. ಮರಳು ಹಾಕಿ ಉಜ್ಜು ಎಂದಳು. ಮಂಡಿಯೂರಿ ಉಜ್ಜಿದ.

"ಗಂಡಸು ನೆಲ ಉಜ್ಜೋದನ್ನ ನಮ್ಮಮ್ಮ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಿದ್ಲು," ಎಂದು ನಕ್ಕು, ಕೆಮ್ಮಿ, ಮತ್ತೆ ನಕ್ಕಳು. ಅವನ ಹೆಗಲು ಹಿಡಿದು ಬರಿಗಾಲಲ್ಲಿ ಒಲೆಯ ತನಕ ಹೋಗಿ ಬಂದಳು. ಸದ್ದು ಕೇಳಲೆಂದೇ ಹಿಮ್ಮಡಿ ಕುಟ್ಟಿದಳು. ಮದುವೆಯ ದಿನವೂ ಎಂಡ್ರೆ ಅವಳನ್ನು ಅಷ್ಟು ಸಂತೋಷದಲ್ಲಿ ಕಂಡಿರಲಿಲ್ಲ.

ಐದನೆಯ ದಿನ ಅವನನ್ನು ಹತ್ತಿರ ಕರೆದಳು. ದನಿ ಸಣ್ಣದಾಗಿತ್ತು.

"ಏಳು ಹಲಗೇಲಿ ಯಾವ ಮನೆ ನೆಲ ಆಗತ್ತೆ ಎಂಡ್ರೆ? ಯಾತಕ್ಕೆ ತಂದಿದ್ದು ಅಂತ ನಂಗೆ ಅವತ್ತೇ ಗೊತ್ತಾಯ್ತು."

ಅವನು ಅವಳ ಕೌದಿಯನ್ನು ಹೆಗಲ ತನಕ ಎಳೆದು ಹೊದಿಸಿದ.

"ಸುಳ್ಳು ಹೇಳ್ದೆ, ಹೇಳ್ದೆ. ಆದ್ರೆ ಹಾಕ್ದೆಯಲ್ಲ. ಇದನ್ನ ಕೀಳಬೇಡ. ಮಾರಿಟ್ ಓಡಾಡ್ಲಿ ಇದರ ಮೇಲೆ. ನನ್ನ ಕೌದೀಲಿ ಸುತ್ತಿಬಿಡು."

"ಮಣ್ಣು ನಿನ್ನ ಮೈಮೇಲೇ ಬೀಳತ್ತಲ್ಲೇ."

"ನಂಗೇನು ಗೊತ್ತಾಗಲ್ಲ ಆಗ. ನಿಂಗೆ ಗೊತ್ತಾಗತ್ತೆ. ಅಷ್ಟು ತಡ್ಕೋ. ಮಾತು ಕೊಡು."

ಕೊಟ್ಟ. ಭಾನುವಾರ ಮಧ್ಯಾಹ್ನ ಅವಳ ಉಸಿರು ನಿಂತಿತು.

ಅಷ್ಟರಲ್ಲಿ ಹೊಳೆ ದಡ ಮೀರಿತ್ತು. ಪೇಟೆಯಿಂದ ಪಾದ್ರಿಯೂ ಬರುವಂತಿಲ್ಲ, ಹಲಗೆಯೂ ಬರುವಂತಿಲ್ಲ. ಗುನ್ವೊರ್ ಗಂಡನೊಂದಿಗೆ ಬಂದು, ಸಿಗ್ನೆಯ ಮೈ ತೊಳೆದು, ತಲೆ ಬಾಚಿ, ಒಳ್ಳೆಯ ಬಟ್ಟೆ ಉಡಿಸಿದಳು. ಕೈ ಒರೆಸಿಕೊಂಡು ಗಂಡನಿಗೆ ಹಾರೆ ತರಲು ಹೇಳಿದಳು.

"ಕೀಳೋದು ಬೇಡ ಗುನ್ವೊರಕ್ಕ," ಎಂದ ಎಂಡ್ರೆ.

"ಪೆಟ್ಟಿಗೆಗೆ ಅಂತ ನಮ್ಮ ಗಾಡೀಲೇ ತಂದಿದ್ದಲ್ವೇನೋ ಇದು?"

"ಹೌದು. ಈಗ ಅವಳ ನೆಲ."

"ಹನ್ನೊಂದು ವರ್ಷ ದುಡಿಸ್ಕೊಂಡೆ. ಈಗ ನಾಯಿ ಹೂಳೋ ಹಾಗೆ ಹೂಳ್ತೀಯ? ನಾಳೆ ಜನ ಮುಖಕ್ಕೆ ಉಗೀತಾರೆ."

"ಉಗೀಲಿ," ಎಂದ. ಹಲಗೆಗಳ ಮೇಲೆ ಹೋಗಿ ನಿಂತ. "ಹನ್ನೊಂದು ವರ್ಷ ಅವಳಿಗೆ ಕೊಟ್ಟ ಮಾತು ಒಂದೂ ನಡೆಸ್ಲಿಲ್ಲ. ಇದೊಂದಾದ್ರೂ ನಡೆಸ್ತೀನಿ. ಕೀಳಬೇಡ ಅಂದಿದ್ದು ಅವಳೇ."

ಗುನ್ವೊರ್ ನಂಬಲಿಲ್ಲ. ಬೈಯುತ್ತಲೇ ಕೌದಿಯ ಅಂಚು ಹೊಲಿದಳು. ಮುಖದ ಭಾಗಕ್ಕೆ ಬಂದಾಗ ಬೈಗುಳ ನಿಂತು ಬರೀ ಅಳು ಉಳಿಯಿತು.

ದಿಬ್ಬದ ಮೇಲೆ, ಎರಡು ಮಕ್ಕಳ ಪಕ್ಕದಲ್ಲಿ, ಎಂಡ್ರೆ ತಾನೇ ಗುಂಡಿ ತೋಡಿದ್ದ. ಗುನ್ವೊರಳ ಗಂಡ ಪ್ರಾರ್ಥನೆ ಓದಿದ. ಮೊದಲ ಮಣ್ಣು ಗಂಡನದಾಗಬೇಕು. ಎಂಡ್ರೆ ಸಲಿಕೆ ಬಿಟ್ಟು ಗುಂಡಿಗೇ ಇಳಿದ. ಹೆಂಟೆಗಳನ್ನು ಬೆರಳಲ್ಲಿ ಹುಡಿಮಾಡಿ, ಕಲ್ಲು ಆರಿಸಿ ಎಸೆದು, ಪಾದದ ಕಡೆಯಿಂದ ಹಾಕುತ್ತ ಬಂದ. ಮೊಣಕಾಲು ಮುಚ್ಚಿತು, ಹೊಟ್ಟೆ ಮುಚ್ಚಿತು, ಎದೆ ಮುಚ್ಚಿತು. ಅಲ್ಲಿ ಅವನ ಕೈ ನಿಂತಿತು. ಬೊಗಸೆಯಲ್ಲಿ ಮಣ್ಣು ಹಿಡಿದು ಕೂತೇ ಇದ್ದ.

"ಹಾಕೋ," ಎಂದಳು ಗುನ್ವೊರ್ ಮೇಲಿಂದ.

"ಆಗ್ತಿಲ್ಲಕ್ಕ. ಮುಖಕ್ಕೆ ಮಣ್ಣು ಬೀಳೋದು ಅವಳಿಗೆ ಆಗ್ತಿರ್ಲಿಲ್ಲ."

ಗುನ್ವೊರ್ ಲಂಗ ಎತ್ತಿ ಕಟ್ಟಿಕೊಂಡು ಇಳಿದು, ಅವನ ಮುಖವನ್ನು ಅತ್ತ ತಿರುಗಿಸಿ, ಉಳಿದ ಮಣ್ಣನ್ನು ತಾನೇ ಹಾಕಿದಳು.