ಕೊನೆ ಹೇಳದ ಕೋಳಿಯ ಕಥೆ

ನನ್ನ ಕೆಲಸ ಕಾಯಂ ಮಾಡುವ ಕಾಗದ ಹಿಡಿದು ಮೇಲ್ವಿಚಾರಕಿ ಗ್ಲೆನಿಸ್ ಕುರ್ಚಿಯಲ್ಲಿ ಕೂತಿದ್ದರು. ನಾನು ಅವರೆದುರು ನೆಲದ ಮೇಲೆ ಕೂತೆ.

"ಏಯ್ ಸೆಫೀನಾ, ಏಳೇ ಮೇಲೆ! ನಾನೇನು ಮಹಾರಾಣಿನಾ?"

ಅವರು ನನ್ನ ಚಿಕ್ಕಮ್ಮನ ವಯಸ್ಸಿನವರು. ನಮ್ಮ ಸಮೋವಾ ದ್ವೀಪದಲ್ಲಿ, ಕೂತ ಹಿರಿಯರ ಮುಂದೆ ನಿಂತು ಮಾತಾಡಿದರೆ ನಮ್ಮಜ್ಜಿ ಎರಡು ದಿನ ನನಗೆ ಕಥೆಯನ್ನೇ ಹೇಳುತ್ತಿರಲಿಲ್ಲ. ಬ್ರಿಸ್ಬೇನಿನ ಈ ವೃದ್ಧಾಶ್ರಮದ ಕೆಲಸಕ್ಕೆ ಸೇರಿ ಆರು ತಿಂಗಳಾದರೂ ನನ್ನ ಮೊಣಕಾಲು ಅದನ್ನು ಮರೆತಿಲ್ಲ. ಎದ್ದು ಕುರ್ಚಿಯ ತುದಿಯಲ್ಲಿ ಕೂತೆ.

"ಕೆಲಸ ಚೆನ್ನಾಗಿ ಮಾಡ್ತೀಯ. ಆದ್ರೆ ಬಾಯೇ ಬಿಡಲ್ಲ. ಈಗ ನಂದೊಂದು ತಪ್ಪು ಹೇಳು ನೋಡೋಣ, ನೇರವಾಗಿ. ತಪ್ಪು ಕಂಡ್ರೂ ಸುಮ್ಮನಿರೋರನ್ನ, ತಮ್ಮ ಕಷ್ಟ ತಾವೇ ಹೇಳ್ಕೊಳ್ಳಲಾರದ ಹೇಝೆಲ್ ಥರದವ್ರ ಹತ್ರ ಬಿಡೋಕಾಗಲ್ಲ ಕಣೇ."

ಈ ಊರಿನಲ್ಲಿ ನನ್ನ ಕೈ ಹಿಡಿದುಕೊಳ್ಳುವ ಜೀವವೆಂದರೆ ಆಶ್ರಮದ ಹೇಝೆಲ್ ಅಜ್ಜಿ ಒಬ್ಬರೇ.

ತಪ್ಪು ನನಗೆ ಗೊತ್ತಿತ್ತು. ಹೇಝೆಲ್ ಅಜ್ಜಿಯನ್ನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಗ್ಲೆನಿಸ್ ದಡಬಡನೆ ಸ್ನಾನಕ್ಕೆ ಎಳೆದೊಯ್ಯುತ್ತಾರೆ, ಅಜ್ಜಿ ಅಳುತ್ತಾರೆ. 'ನೀರೆಂದರೆ ಭಯ' ಎಂದು ಆರೈಕೆಯ ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ನಾನು ಮೊದಲು ಪಾದಕ್ಕೆ ಮೆಲ್ಲಗೆ ನೀರು ಹಾಕಿದರೆ ಅದೇ ಅಜ್ಜಿ ನಗುತ್ತಾರೆ.

ಹಿರಿಯರ ಮುಖಕ್ಕೆ ಹೀಗೆಲ್ಲ ಹೇಳುವುದುಂಟೇ? ನಮ್ಮಜ್ಜಿಯ ದಾರಿ ಹಿಡಿದೆ.

"ಒಂದು ಕೋಳಿ ಇತ್ತಂತೆ. ಮರಿಗಳನ್ನ ತೊರೆ ದಾಟಿಸುವಾಗ ಕೊಕ್ಕಿನಿಂದ ಕುಕ್ಕಿ ಕುಕ್ಕಿ ಓಡಿಸ್ತಿತ್ತಂತೆ. ಕೊನೇ ಮರಿ ದಿನಾ ಅಳ್ತಿತ್ತು. ಇದಕ್ಕೆ ನೀರು ಕಂಡ್ರೆ ಹೆದರಿಕೆ ಅಂತ ಕೋಳಿ ಊರಿಗೆಲ್ಲ ಹೇಳ್ತು..."

ಅಲ್ಲಿಗೆ ನಿಲ್ಲಿಸಿದೆ. ಇಂಥ ಕಥೆಗಳ ಕೊನೆಯನ್ನು ಹೇಳುವವರು ಹೇಳಬಾರದು. ಕೇಳಿದವರು ತಮ್ಮೊಳಗೇ ಮುಗಿಸಿಕೊಳ್ಳುತ್ತಾರೆ. ಆಮೇಲೊಂದು ಮೌನ ಬರುತ್ತದೆ. ಮರುದಿನ ಎಲ್ಲ ಸರಿಯಾಗಿರುತ್ತದೆ. ಆ ಮೌನಕ್ಕೆ ಕಾದೆ.

ಗ್ಲೆನಿಸ್ ಚಪ್ಪಾಳೆ ತಟ್ಟಿದರು. "ಅಯ್ಯೋ, ಎಷ್ಟು ಮುದ್ದಾಗಿದೆ! ಸರಿ, ನನ್ನ ತಪ್ಪು?"

ನಾನು ನೆಲ ನೋಡಿದೆ.

"ಒಂದೂ ಇಲ್ವಾ?"

"ಇಲ್ಲ," ಎಂದೆ.

ಅವರು ನಿಟ್ಟುಸಿರುಬಿಟ್ಟು ಆ ಕಾಗದಕ್ಕೆ ಸಹಿ ಹಾಕಿದರು. ಕೆಲಸ ಕಾಯಂ ಆಯಿತು, ಆದರೆ ಕೆಳಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ. "ಅಲ್ಲಿ ಯಾರ ಜೊತೆಗೂ ಮಾತಾಡೋ ತಾಪತ್ರಯ ಇಲ್ಲ ಮಗು, ನಿಂಗೆ ಹಿತವಾಗಿರತ್ತೆ," ಎಂದು ಬೆನ್ನು ಸವರಿದರು. ಅವರು ಕೆಟ್ಟವರಲ್ಲ.

ಈಗ ಒಂಬತ್ತಾದರೆ ಮೇಲಿನಿಂದ ಹೇಝೆಲ್ ಅಜ್ಜಿಯ ಅಳು ಕೇಳಿಸುತ್ತದೆ. ನಾನು ಒಬ್ಬಳೇ ಬಿಸಿ ಟವೆಲುಗಳನ್ನು ಮಡಿಸುತ್ತ, "ಗ್ಲೆನಿಸ್, ನೀವು ಅವಸರ ಮಾಡ್ತೀರಿ. ಅಜ್ಜಿ ಅಳೋದು ಅದಕ್ಕೇ," ಎನ್ನುತ್ತೇನೆ. ದಿನಾ ಹೇಳಿ ಹೇಳಿ ನಾಲಿಗೆಗೆ ಚೆನ್ನಾಗಿ ರೂಢಿಯಾಗಿದೆ. ಬಟ್ಟೆ ಒಣಗಿಸುವ ಯಂತ್ರ ಗರಗರ ತಿರುಗುತ್ತಲೇ ಇರುತ್ತದೆ.