ಮತ್ತೆ ಕೊಯ್ಯಬೇಕಂತೆ

ಹತ್ತೊಂಬತ್ತು ವರ್ಷದಿಂದ ಅವನ ಕೆಲಸ ಒಂದೇ. ಆಸ್ಪತ್ರೆಗಳಿಂದ ಲ್ಯಾಬಿಗೆ ಬರುವ ಮಾಂಸದ ಚೂರುಗಳನ್ನು ದ್ರಾವಣದಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಆ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿ ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುವುದು. ಕೊಯ್ಯುವವನು ಅವನು, ಓದುವವರು ಒಳಕೋಣೆಯ ಡಾಕ್ಟರ್ ಮೇಡಂ. ಸಾವಿರಾರು ಜನರ ಹಣೆಬರಹ ಅವನ ಬೆರಳ ತುದಿಯಿಂದ ದಾಟಿಹೋಗಿತ್ತು. ಅದರಲ್ಲಿ ಒಂದಕ್ಷರವೂ ಅವನಿಗೆ ಓದಲು ಬರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆಯ ಅಚ್ಚುಗಳಲ್ಲಿ ಒಂದು ಅವನ ಹೆಂಡತಿಯದು. ಎದೆಯ ಗಂಟಿನಿಂದ ಸೂಜಿ ಹಾಕಿ ತೆಗೆದ ಮೂರು ಎಳೆಗಳು, ಮೇಣದೊಳಗೆ ದಾರದ ತುಂಡುಗಳಂತೆ ಮಲಗಿದ್ದವು. ಮನೆಯವರ ಚೂರನ್ನು ಬೇರೆಯವರ ಕೈಗೆ ಕೊಡುವುದು ಲ್ಯಾಬಿನ ರೂಢಿ. ಆದರೆ ಅಚ್ಚಿನ ಮೇಲೆ ಇರುವುದು ಬರೀ ನಂಬರು. ಆ ನಂಬರು ಯಾರದೆಂದು ಅವನು ಬಾಯಿ ಬಿಡಲಿಲ್ಲ. ಬೇರೆಯವರು ಅವಸರದಲ್ಲಿ ಕೊಯ್ದು ಎಳೆಗಳನ್ನು ಸವೆಸಿಬಿಟ್ಟರೆ? ಅವಳು ಮತ್ತೆ ಸೂಜಿಗೆ ಎದೆಯೊಡ್ಡಬೇಕು. ತಾನೇ ಯಂತ್ರದ ಚಕ್ರ ತಿರುಗಿಸಿದ. ಕೊಯ್ದ ಮೇಣದ ಪಟ್ಟಿ ಬೆಚ್ಚನೆಯ ನೀರಿನ ಮೇಲೆ ತೇಲಿತು. ಉಸಿರು ಬಿಗಿಹಿಡಿದು ಗಾಜಿಗೆ ಎತ್ತಿಕೊಂಡ.

ಪಕ್ಕದ ಯಂತ್ರದಲ್ಲಿದ್ದ ಕಿರಿಯ ಸಹೋದ್ಯೋಗಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಬಂದು ಬಾಯಿ ತೆರೆದರೆ ಸಂಜೆಗೇ ಮುಚ್ಚುವುದು.

"ಏನಣ್ಣ, ಇವತ್ತು ಒಂದು ಅಚ್ಚಿಗೆ ಅರ್ಧ ಗಂಟೆ? ಪೂಜೆ ಮಾಡ್ತಿದ್ದೀರಾ, ಕೊಯ್ತಿದ್ದೀರಾ?"

"ಸುಮ್ನಿರಪ್ಪ."

ಸಂಜೆ ಹೊರಡುವ ಹೊತ್ತಿಗೆ ಒಳಗಿನಿಂದ ಚೀಟಿ ಬಂತು. ಅದೇ ನಂಬರು. ಕೆಳಗೆ ಮೇಡಂ ಕೈಬರಹ: 'ಮತ್ತೆ ಕೊಯ್ಯಿರಿ. ಇನ್ನೂ ಆಳದಿಂದ.'

ಅನುಮಾನ ಬಂದಾಗ ಮೇಡಂ ಬರೆಯುವ ಮಾತು ಅದು. ಅಂಥ ಚೀಟಿ ಬಂದ ಅಚ್ಚುಗಳಲ್ಲಿ ಎಷ್ಟು ಕೆಟ್ಟವಾಗಿದ್ದವು ಎಂದು ನೆನಪಿಸಿಕೊಳ್ಳಲು ಹೊರಟ, ಕೆಟ್ಟವಷ್ಟೇ ನೆನಪಾದವು. ಮೇಡಂ ಆಗಲೇ ಕಾರು ಹತ್ತಿ ಹೋಗಿದ್ದರು. ಚೀಟಿಯನ್ನು ಜೇಬಿಗೆ ತುರುಕಿಕೊಂಡ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ನಿಂತೇ ಹೋದ. ಒಂದು ಸ್ಟಾಪು ಮೊದಲೇ ಇಳಿದ, ನಡೆದ, ಮನೆಯ ಮುಂದೆ ಬಂದು ಮತ್ತೆ ಬೀದಿಯ ಕೊನೆಯವರೆಗೂ ಹೋಗಿಬಂದ.

ಹೆಂಡತಿ ಹೈಸ್ಕೂಲಿನ ಗಣಿತದ ಟೀಚರು. ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡಿದ್ದಳು.

"ರೀ, ನನ್ನದು ಇವತ್ತು ಕೊಯ್ಯೋ ದಿನ ಅಂದಿದ್ರಲ್ಲ. ಆಯ್ತಾ?"

"ಹೂಂ."

"ಮತ್ತೆ?"

"ಮೇಡಂ ಹೇಳ್ಬೇಕು. ನನಗೇನು ಗೊತ್ತಾಗುತ್ತೆ?"

"ಹತ್ತೊಂಬತ್ತು ವರ್ಷ ಅಡುಗೆ ಮಾಡಿ ಉಪ್ಪು ನೋಡೋಕೆ ಬರಲ್ಲ ಅಂದ್ಹಾಗಾಯ್ತು."

ಅವನು ನಗಬೇಕಿತ್ತು. ಎದ್ದು ಫ್ಯಾನಿನ ವೇಗ ಹೆಚ್ಚಿಸಿದ. ಹಾಳೆಗಳು ಹಾರಿದವು, ಕಡಿಮೆ ಮಾಡಿದ. ಕಿಟಕಿ ತೆರೆದ, ಮುಚ್ಚಿದ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿ ಅವನನ್ನೇ ನೋಡಿದಳು.

"ಬಿಡಿ. ಆ ಮುಖ ನೋಡಿದ್ಮೇಲೆ ಬೇರೆ ರಿಪೋರ್ಟ್ ಯಾಕೆ?"

ಹಾಗಲ್ಲ ಎನ್ನಲು ಬಾಯಿ ತೆರೆದ. ಹೌದೋ ಅಲ್ಲವೋ ಅವನಿಗೂ ತಿಳಿಯದು. ಅವಳು ಮುಂದಿನ ಪತ್ರಿಕೆ ಎಳೆದುಕೊಂಡಳು, ಆದರೆ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಬೆಳಿಗ್ಗೆ ಮೇಡಂಗಿಂತ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದ. ಅವರು ಬ್ಯಾಗು ಕೆಳಗಿಡುವ ಮೊದಲೇ ಚೀಟಿ ಚಾಚಿದ.

"ಇದರಲ್ಲಿ ಏನಿದೆ ಮೇಡಂ?"

"ಅದನ್ನ ನಾನು ಕೇಳ್ಬೇಕು. ಯಾರು ಕೊಯ್ದಿದ್ದು?"

"ನಾನೇ."

"ನೀವಾ? ನಂಬೋಕಾಗಲ್ಲ. ತುಂಬ ಮಡಿಕೆ. ಅದೂ ಮೇಲೆ ಮೇಲೆ ಸವರಿದ್ದೀರಿ, ಎಳೆಗಳ ಒಳಭಾಗವನ್ನೇ ಮುಟ್ಟಿಲ್ಲ. ಒಳ್ಳೇದು ಅನ್ನೋಕೂ ಆಗಲ್ಲ, ಕೆಟ್ಟದ್ದು ಅನ್ನೋಕೂ ಆಗಲ್ಲ. ಯಾಕೆ ಅಷ್ಟು ಜಿಪುಣತನ?"

"ಸವೆದು ಹೋಗುತ್ತೇನೋ ಅಂತ... ಅದು ನನ್ನ ಹೆಂಡ್ತೀದು ಮೇಡಂ."

ಮೇಡಂ ಕನ್ನಡಕ ತೆಗೆದರು. ಬಯ್ಯುತ್ತಾರೆಂದುಕೊಂಡ. ಅವರು ಕನ್ನಡಕ ಒರೆಸಿದರು, ಅಷ್ಟೆ.

"ಯಂತ್ರದ ಹತ್ರ ಹೋಗ್ಬೇಡಿ. ಬೇರೆಯವರು ಕೊಯ್ಲಿ. ನಾಳೆ ನೋಡಿ ಹೇಳ್ತೀನಿ."

ಅಚ್ಚನ್ನು ರೇಡಿಯೋ ಕೈಗಿಟ್ಟು ಯಾರದೆಂದು ಹೇಳಿದ. ರೇಡಿಯೋ ಬಾಯಿ ಪಟ್ಟನೆ ಮುಚ್ಚಿತು. ಮೇಣ ಗಟ್ಟಿಯಾಗಲೆಂದು ಅಚ್ಚನ್ನು ಮಂಜುಗಡ್ಡೆಯ ಮೇಲಿಟ್ಟು, ಕೈ ತೊಳೆದು, ಹೊಸ ಬ್ಲೇಡು ಹಾಕಿದ.

"ಅಣ್ಣ, ನೀವು ಹೊರಗಿರಿ. ನೀವು ನೋಡ್ತಿದ್ರೆ ನನ್ನ ಕೈಯೂ ನಡುಗುತ್ತೆ."

ಕಾರಿಡಾರಿನಲ್ಲಿ ನಿಂತು ಶಾಲೆಗೆ ಫೋನು ಮಾಡಿದ. ಅವಳು ಸ್ಟಾಫ್ ರೂಮಿನಲ್ಲಿದ್ದಳು. ಚೀಟಿ, ಮಡಿಕೆ, ತನ್ನ ಜಿಪುಣತನ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಲೈನು ಕಟ್ಟಾಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದ.

"ಅಂದ್ರೆ ನಿನ್ನೆ ಆ ಮುಖ ಹಾಕ್ಕೊಂಡು ಕೂತಿದ್ದು ಒಂದು ಚೀಟಿ ನೋಡಿ?"

"ಹೂಂ."

"ನಾನು ಮಗಳಿಗೆ ಹೇಗೆ ಹೇಳೋದು ಅಂತ ಮಾತು ಜೋಡಿಸ್ತಾ ಮಲಗಿದ್ದೆ ಕಣ್ರೀ." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಈಗ ನಿಜ ಹೇಳಿ. ಏನು ಗೊತ್ತು ನಿಮಗೆ?"

"ಏನೂ ಗೊತ್ತಿಲ್ಲ."

"ಆಣೆಗೂ?"

"ಆಣೆಗೂ."

"ನಿನ್ನೆಯೇ ಇಷ್ಟು ಹೇಳ್ಬಾರದಿತ್ತಾ!" ಮೂಗು ಒರೆಸಿಕೊಂಡ ಸದ್ದು. "ಸರಿ, ಇಡ್ತೀನಿ, ಕ್ಲಾಸಿದೆ. ಸಂಜೆ ಬೇಗ ಬನ್ನಿ. ಮಾತಾಡೋಕೇನೂ ಇಲ್ದಿದ್ರೂ ಬನ್ನಿ."

ಅವನು ಕಾರಿಡಾರಿನ ಆ ತುದಿಗೆ ನಡೆದ, ಈ ತುದಿಗೆ ಬಂದ. ಮುಚ್ಚಿದ ಬಾಗಿಲ ಹಿಂದೆ ಚಕ್ರ ನಿಧಾನಕ್ಕೆ ತಿರುಗುತ್ತಿತ್ತು. ಅದು ನಿಂತಾಗ ಅವನೂ ಅರೆಕ್ಷಣ ನಿಂತ. ಒಳಗೆ ಇಣುಕದೆ ಮತ್ತೆ ಆ ತುದಿಗೆ ನಡೆದ.